ಸಂಕವ್ವನ ಕಲ್ಲು

ನಮ್ಮೂರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಟ್ಟು ಹೊಟ್ಟೆ ಹೊರೆಯುವುದು ಎಷ್ಟು ಕಷ್ಟ ಎನ್ನುವುದು ನನಗೊಬ್ಬಳಿಗೇ ಗೊತ್ತು. ಬೇರೆ ಊರುಗಳಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಶ್ರದ್ಧಾಂಜಲಿ ಸಭೆ ಬೆಳಿಗ್ಗೆ ಶುರುವಾಗಿ ಊಟದ ಹೊತ್ತು ಮೀರಿದರೂ ಮುಗಿಯುವುದಿಲ್ಲವಂತೆ. ಸತ್ತವರ ದಾನ, ಧರ್ಮ, ದೂರದೃಷ್ಟಿ ಎಲ್ಲವನ್ನೂ ಒಬ್ಬರಾದ ಮೇಲೊಬ್ಬರು ಎದ್ದು ಹೇಳುತ್ತಾರಂತೆ. ನಮ್ಮಲ್ಲಿ ನಾನು ವೈರು ಎಳೆದು, ಹಾರ್ನ್ ಕಟ್ಟಿ, ‘ಹಲೋ ಹಲೋ’ ಎಂದು ನೋಡುವುದಕ್ಕೆ ಹಿಡಿಯುವಷ್ಟು ಹೊತ್ತು ಭಾಷಣಗಳಿಗೆ ಹಿಡಿಯುವುದಿಲ್ಲ. ಹೋದ ವರ್ಷ ಬಟ್ಟೆ ಅಂಗಡಿಯ ಸಂಗನಬಸಣ್ಣ ಹೋದಾಗ ಹಿರಿಯ ಮಗ ಮೈಕಿನ ಮುಂದೆ ನಿಂತು, ಅಪ್ಪ ಇದ್ದರು, ಅಂಗಡಿ ನಡೆಸಿದರು, ಸಿಟ್ಟು ಬಹಳ ಇತ್ತು ಎಂದ. ಕಿರಿಯವನು, ಬಟ್ಟೆ ಅಳೆಯುವಾಗ ಸ್ವಲ್ಪ ಎಳೆದು ಅಳೆಯುತ್ತಿದ್ದರು ಎಂದು ಸೇರಿಸಿದ. ಜನ ಸಮಾಧಾನದಿಂದ ತಲೆಯಾಡಿಸಿ ಎದ್ದು ಹೋದರು. ಸಂಗನಬಸಣ್ಣನ ಕಲ್ಲು ನೆಟ್ಟಗೆ ನಿಂತೇ ಇತ್ತು.

ನಮ್ಮ ಹಳೇ ರುದ್ರಭೂಮಿಯಲ್ಲಿ ಮಲಗಿದವರ ಬಗ್ಗೆ ಊರೊಳಗೆ ಯಾರಾದರೂ ಸುಳ್ಳು ಹೇಳಿದರೆ ಅವರ ಸಮಾಧಿ ಕಲ್ಲು ನೆಲದೊಳಕ್ಕೆ ಇಳಿಯುತ್ತದೆ. ಸಣ್ಣ ಸುಳ್ಳಿಗೆ ಒಂದು ಬೆರಳು, ದೊಡ್ಡದಕ್ಕೆ ಒಂದು ಗೇಣು. ನಿಜ ಹೇಳಿದರೆ ಮೇಲೇಳುತ್ತದೆ. ಹಳ್ಳ ದಾಟಿ ಆಚೆ ಏನು ಹೇಳಿದರೂ ಲೆಕ್ಕಕ್ಕಿಲ್ಲ. ಹಾಗಾಗಿ ಹಳ್ಳದಾಚೆ ಇರುವ ಒಂದೇ ಒಂದು ಚಹಾ ಅಂಗಡಿ ಯಾವಾಗ ನೋಡಿದರೂ ತುಂಬಿರುತ್ತದೆ. ಅಜ್ಜ ಹುಲಿ ಹೊಡೆದದ್ದು, ಮುತ್ತಜ್ಜ ಸಾಹೇಬನಿಗೆ ಎದುರು ನಿಂತದ್ದು, ಇವೆಲ್ಲ ಅಲ್ಲಿ ಬೆಂಚಿನ ಮೇಲೆ ಕೂತು ಹೇಳಿ ಮುಗಿಸಿ, ಬಾಯಿ ಒರೆಸಿಕೊಂಡು ಜನ ಸೇತುವೆ ದಾಟಿ ಊರಿಗೆ ಬರುತ್ತಾರೆ. ಹೆಣ್ಣು ನೋಡುವ ಶಾಸ್ತ್ರದಲ್ಲೂ ನಮ್ಮದೊಂದು ಪದ್ಧತಿ ಇದೆ. ಗಂಡಿನ ಕಡೆಯ ಸೋದರಮಾವನೊಬ್ಬ ಉಪ್ಪಿಟ್ಟು ಬಿಟ್ಟು ಮೊಬೈಲ್ ಹಿಡಿದು ರುದ್ರಭೂಮಿಯಲ್ಲಿ ನಿಂತಿರುತ್ತಾನೆ. ಇಲ್ಲಿ ಹೆಣ್ಣಿನ ಅಪ್ಪ ತನ್ನ ಮನೆತನದ ಬಗ್ಗೆ ಒಂದು ಮಾತು ಹೇಳಿದ ಕೂಡಲೇ ಅಲ್ಲಿಂದ ಫೋನು ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಮ್ಮೂರ ಏಳು ಮೂಲ ಮನೆತನಗಳು ಒಮ್ಮೆ ಬಾಯಿ ಹಿಡಿದುಕೊಳ್ಳಲಿಲ್ಲ. ಬರಡು ಬಯಲಿಗೆ ಗಾಡಿ ಕಟ್ಟಿಕೊಂಡು ಬಂದು ಈ ಊರು ಕಟ್ಟಿದವರು ಆ ಏಳು ಮನೆಯವರು. ನಾನು ಲಂಗ ಉಡುತ್ತಿದ್ದ ಕಾಲದಲ್ಲಿ ಊರಿನ ಅಮೃತ ಮಹೋತ್ಸವವಾಯಿತು. ಮಂತ್ರಿಗಳು ಬಂದಿದ್ದರು. ಮಂತ್ರಿಗಳೆದುರು ಅಜ್ಜನ ಸಿಟ್ಟಿನ ಬಗ್ಗೆ ಮಾತಾಡಲಾಗುತ್ತದೆಯೇ? ನಮ್ಮಪ್ಪನ ಮೈಕಿನಲ್ಲಿ ಮೂರು ದಿನ ಭಾಷಣ ನಡೆಯಿತು. ಮೊಲವೊಂದು ತಿರುಗಿ ನಿಂತು ಬೇಟೆನಾಯಿಯನ್ನು ಅಟ್ಟಿದ ಜಾಗ ಕಂಡು, ಇದು ಗಂಡುಭೂಮಿ ಎಂದು ಪಡಸಾಲಿ ಮನೆತನದ ಗುರುಬಸಪ್ಪನವರು ಇಲ್ಲೇ ಗಾಡಿ ನಿಲ್ಲಿಸಿದರು ಎಂಬ ಕಥೆ ಆಗಲೇ ಹುಟ್ಟಿದ್ದು. ಸುತ್ತಲಿನ ನಾಲ್ಕಾರು ಊರುಗಳಲ್ಲೂ ಒಂದೊಂದು ಅಂಥ ಮೊಲ ಇರುವುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಸಮಾರೋಪದ ಹೊತ್ತಿಗೆ ಏಳು ಮೂಲಪುರುಷರ ಕಲ್ಲುಗಳೂ ನೆಲಸಮವಾಗಿದ್ದವು. ಗುರುಬಸಪ್ಪನವರದಂತೂ ತುದಿಯಷ್ಟೇ ಕಾಣುತ್ತಿತ್ತು, ಅದಕ್ಕೂ ಜನ ಎಡವುತ್ತಿದ್ದರು.

ಗುರುಬಸಪ್ಪನವರ ಮರಿಮಗ ಪಡಸಾಲಿ ವಿರೂಪಾಕ್ಷಪ್ಪ ಈಗ ಮೂಲ ಮನೆತನಗಳ ಸ್ಮಾರಕ ಸಮಿತಿಯ ಅಧ್ಯಕ್ಷರು. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಪಂಚೆ ಮುದುಡದಂತೆ ಕೂರುವ ಮನುಷ್ಯ. ತಮ್ಮ ಹಿರಿಯರ ಕಲ್ಲನ್ನು ಎಬ್ಬಿಸಬೇಕೆಂದು ಅವರು ಪಡದ ಪಾಡಿಲ್ಲ. ನಿಜ ಹೇಳಿದರೆ ಏಳುತ್ತದೆ ಎಂಬುದು ಮಕ್ಕಳಿಗೂ ಗೊತ್ತು, ಆದರೆ ಯಾವ ನಿಜ? ಒಂದು ದಿನ ಇಡೀ ಬೆಳಗು ಕಲ್ಲಿನ ಪಕ್ಕ ಚಾಪೆ ಹಾಸಿ ಕೂತು, ನಮ್ಮ ಮುತ್ತಜ್ಜನಿಗೆ ಎರಡು ಕೈ ಇದ್ದವು, ಎರಡು ಕಾಲಿದ್ದವು, ರೊಟ್ಟಿ ತಿನ್ನುತ್ತಿದ್ದ ಎಂದು ಹೇಳುತ್ತಲೇ ಇದ್ದರು. ಕಲ್ಲು ಜಗ್ಗಲಿಲ್ಲ. ಕಲ್ಲಿಗೂ ಒಂದು ಮರ್ಯಾದೆ ಇರುತ್ತದೆ.

ಹೀಗಿರುವಾಗ ಬೈಪಾಸ್ ರಸ್ತೆಯ ಸುದ್ದಿ ಬಂತು. ನಕ್ಷೆಯ ಪ್ರಕಾರ ಅದು ರುದ್ರಭೂಮಿಯ ಎದೆಯ ಮೇಲೇ ಹಾಯ್ದು ಹೋಗುತ್ತದೆ. ತಪ್ಪಿಸಬೇಕಾದರೆ ಸ್ಥಳ ಪುರಾತನವೆಂದು ಪುರಾತತ್ವ ಇಲಾಖೆ ಒಪ್ಪಬೇಕು. ಒಪ್ಪಬೇಕಾದರೆ ಊರು ಕಟ್ಟಿದವರಲ್ಲಿ ಒಬ್ಬರ ಕಲ್ಲಾದರೂ ಕಣ್ಣಿಗೆ ಕಾಣುವಂತೆ ನಿಂತಿರಬೇಕು, ಮತ್ತು ಆ ಕಲ್ಲಿನ ಎದುರಿಗೇ ಅವರ ಕಥೆಯನ್ನು ಅಧಿಕಾರಿಗೆ ಹೇಳಬೇಕು. ಸಮಿತಿಯವರು ಹಗಲೆಲ್ಲ ಹುಡುಕಿದರು. ಮೊದಲ ತಲೆಮಾರಿನ ಕಲ್ಲುಗಳಲ್ಲಿ ನಿಂತದ್ದು ಒಂದೇ ಒಂದು, ಅದೂ ಬೇಲಿಯ ಹೊರಗಿನ ಮೂಲೆಯಲ್ಲಿ, ಹಳ್ಳದ ದಂಡೆಯ ಕೈಪಂಪಿನ ಪಕ್ಕ. ಸೊಂಟದೆತ್ತರದ ಕರಿಕಲ್ಲು. ಮೇಲಿಂದ ಕೆಳಕ್ಕೆ ಸಂಕವ್ವ ಎಂದಷ್ಟೇ ಕೆತ್ತಿದೆ. ಎಮ್ಮೆಗಳಿಗೆ ಮೈ ತಿಕ್ಕಲು ಯಾರೋ ನೆಟ್ಟ ಕಲ್ಲು ಎಂದೇ ಊರು ಇಷ್ಟು ವರ್ಷ ತಿಳಿದಿತ್ತು.

ಸಂಕವ್ವ ನನ್ನ ಮುತ್ತಜ್ಜಿ. ಆಕೆಯ ಬಗ್ಗೆ ಊರಿನಲ್ಲಿ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ, ಆದ್ದರಿಂದ ಒಂದು ಸುಳ್ಳೂ ಆಡಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಕೆಯ ಕಥೆಯನ್ನು ಅಜ್ಜಿ ಅವ್ವನಿಗೆ, ಅವ್ವ ನನಗೆ ಒಂದೇ ಒಂದು ಸಲ ಹೇಳಿದ್ದರು. ಎರಡನೇ ಸಲ ಕೇಳಿದರೆ ಅವ್ವ ಬಾಯಿ ಮುಚ್ಚಿಸುತ್ತಿದ್ದಳು. ಕಲ್ಲು ಬಹಳ ಬೆಳೆದರೆ ಊರವರ ಕಣ್ಣಿಗೆ ಬೀಳುತ್ತದೆ ಎಂಬ ಹೆದರಿಕೆ ಅವಳಿಗೆ. ನನಗೆ ಹೊಲವಿಲ್ಲ, ಮನೆ ಬಾಡಿಗೆಯದು, ಒಡಹುಟ್ಟಿದವರಿಲ್ಲ. ನನ್ನವರು ಅಂತ ಈ ಊರಿನಲ್ಲಿ ಬೇರು ಬಿಟ್ಟದ್ದು ಆ ಕಲ್ಲೊಂದೇ. ಸಂಜೆ ಕೆಲಸವಿಲ್ಲದಾಗ ಅದಕ್ಕೆ ಬೆನ್ನು ಕೊಟ್ಟು ಕೂರುವುದು ನನಗೆ ಚಿಕ್ಕಂದಿನಿಂದ ರೂಢಿ.

ಅಲ್ಲಿಯವರೆಗೆ ನನ್ನನ್ನು ‘ಏ ಮೈಕ್’ ಎಂದು ಕರೆಯುತ್ತಿದ್ದ ವಿರೂಪಾಕ್ಷಪ್ಪ ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ಹಾರ್ನ್ ಡಬ್ಬದ ಮೇಲೆ ಟವೆಲ್ ಹಾಸಿಕೊಂಡು ಕೂತರು.

“ಲೀಲವ್ವ, ಸಂಕವ್ವ ಅಂದ್ರ ನಿನಗೊಬ್ಬಾಕಿಗೇ ಅಲ್ಲ, ಇಡೀ ಊರಿಗೇ ಮುತ್ತಜ್ಜಿ ಇದ್ದಂಗ,” ಎಂದರು.

“ಯಾವಾಗಿಂದ್ರೀ ಯಜಮಾನ್ರ?”

“ನಿನ್ನೆ ಮೀಟಿಂಗ್‌ನಾಗ ಠರಾವ್ ಆತು.”

ಆಕೆಯ ಕಥೆ ಏನೆಂದು ಅವರು ಕೇಳಲಿಲ್ಲ, ಕಥೆಯನ್ನು ಸಮಿತಿಯೇ ಸಿದ್ಧಪಡಿಸಿತ್ತು. ನನ್ನಿಂದ ಬೇಕಾದದ್ದು ಮೈಕು ಮತ್ತು ಮುತ್ತಜ್ಜಿ ಎರಡೇ. ಸುಳ್ಳು ಹೇಳಿದರೆ ಅದೂ ಇಳಿಯುತ್ತದಲ್ಲ ಎಂದೆ. ಅದರ ಲೆಕ್ಕವೂ ಆಗಿದೆ ಎಂದರು. ಬೇರೆ ಊರಿನವರಾಗಿದ್ದರೆ ಒಂದೋ ನಿಜ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು ಎಂದು ಯೋಚಿಸುತ್ತಿದ್ದರೇನೋ. ನಮ್ಮವರು ಸೊಂಟದೆತ್ತರದ ಕಲ್ಲು ಎಷ್ಟು ಸುಳ್ಳು ತಡೆದುಕೊಂಡೀತು ಎಂದು ಯೋಚಿಸಿದರು. ಮೊಣಕಾಲಿನ ಮಟ್ಟಕ್ಕೆ ಇಳಿದರೂ ಇಲಾಖೆಗೆ ಸಾಕು, ಅಷ್ಟರೊಳಗೆ ಕುದುರೆ ಏರಿ ಬಂದಳು ಎನ್ನುವುದೊಂದು, ಏಳು ಮನೆತನಗಳಿಗೆ ಹರಸಿದಳು ಎನ್ನುವುದೊಂದು, ಮೊಲವನ್ನು ಮೊದಲು ಕಂಡವಳು ಅವಳೇ ಎನ್ನುವುದೊಂದು ಹಿಡಿಸುತ್ತವೆ ಎಂದು ಠರಾವಾಗಿತ್ತು.

ಆದರೆ ಕಾರ್ಯಕ್ರಮದ ತಾಲೀಮು ಊರೊಳಗೇ ನಡೆಯುತ್ತಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ಸಂಕವ್ವನ ನೃತ್ಯರೂಪಕ ಕಲಿಯತೊಡಗಿದರು. ಇಷ್ಟು ವರ್ಷ ಅಜ್ಜಂದಿರ ಬಗ್ಗೆ ಬಾಯಿ ಕಟ್ಟಿಕೊಂಡಿದ್ದ ಜನಕ್ಕೆ ಹೊಗಳಲು ಒಬ್ಬಳು ಸಿಕ್ಕಿದ್ದೇ ಹಬ್ಬವಾಯಿತು. ಕಟಿಂಗ್ ಅಂಗಡಿಯಲ್ಲಿ, ಗಿರಣಿಯಲ್ಲಿ, ಎಲ್ಲಿ ನೋಡಿದರೂ ಸಂಕವ್ವ ಕುದುರೆಯ ಮೇಲೆ. ಒಬ್ಬ ಕತ್ತಿ ಕೊಟ್ಟ, ಇನ್ನೊಬ್ಬ ಮೂಗಿಗೆ ಮುತ್ತಿನ ನತ್ತು ಕೊಟ್ಟ. ನಾನು ದಿನಾ ಸಂಜೆ ಹೋಗಿ ನೋಡುತ್ತಿದ್ದೆ. ಬೆನ್ನಿಗೆ ತಾಗುತ್ತಿದ್ದ ಕಲ್ಲು ಕ್ರಮೇಣ ಕೂತಾಗಲೂ ಭುಜದ ಕೆಳಗೆ ಹೋಯಿತು. ಸಂಕವ್ವ ಎಂಬ ಹೆಸರಿನ ‘ವ್ವ’ ಹುಲ್ಲಿನ ಹತ್ತಿರಕ್ಕೆ ಬಂದ ದಿನ ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಸಮಿತಿಯವರಿಗೆ ಹೋಗಿ ಹೇಳಿದೆ. ಇನ್ನೂ ಒಂದು ಮೊಳ ಉಳಿದಿದೆಯಲ್ಲ, ಯಾಕೆ ಗಾಬರಿ ಎಂದರು.

ಇಲಾಖೆಯ ರೇವತಿ ಮೇಡಂ ಬಂದ ದಿನ ಪೆಂಡಾಲು ಹಾಕಿದ್ದರು. ಆಕೆ ನಮ್ಮ ಕಡೆಯವರಲ್ಲ. ಕಲ್ಲಿನ ಸಂಗತಿಯನ್ನು ಯಾರೋ ದಾರಿಯಲ್ಲೇ ಹೇಳಿರಬೇಕು, ಬಂದವರೇ ಕಲ್ಲಿಗೆ ಎದುರಾಗಿ ಕುರ್ಚಿ ಎಳೆದುಕೊಂಡು ಕೂತರು. ವಿರೂಪಾಕ್ಷಪ್ಪ ಮೈಕ್ ಹಿಡಿದರು. ಕುದುರೆ ಬಂತು, ಕಲ್ಲು ಇಳಿಯಿತು. ಹರಸಿದ್ದು ಬಂತು, ಇನ್ನೂ ಇಳಿಯಿತು. ಅವರು ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಮೂವತ್ತು ನಲವತ್ತು ವರ್ಷ ಹಳ್ಳದಾಚೆ ಮಾತ್ರ ಭಾಷಣ ಮಾಡಿದ ಮನುಷ್ಯನ ಕೈಗೆ ಮೈಕು ಸಿಕ್ಕಿತ್ತು. ತಮ್ಮ ಮುತ್ತಜ್ಜ ಗುರುಬಸಪ್ಪನವರು ಸಂಕವ್ವನನ್ನು ಒಡಹುಟ್ಟಿದ ತಂಗಿಯಂತೆ ಅಂಗೈಯಲ್ಲಿ ಇಟ್ಟುಕೊಂಡು ಸಾಕಿದರು ಎಂದುಬಿಟ್ಟರು. ಕಲ್ಲು ದಡಕ್ಕನೆ ಕುಸಿದು ಒಂದು ಗೇಣು ಉಳಿಯಿತು. ಮೇಡಂ ಬ್ಯಾಗು ಮುಚ್ಚಿದರು. ನಾನು ಆಂಪ್ಲಿಫೈಯರಿನ ಸ್ವಿಚ್ ಆರಿಸಿ, ವೇದಿಕೆ ಹತ್ತಿ, ಅವರ ಕೈಯಿಂದ ಮೈಕು ತೆಗೆದುಕೊಂಡೆ. ಕೆಳಗಿನಿಂದ ಯಾರೋ ಬೈದರು. ಸ್ವಿಚ್ ಎಲ್ಲಿದೆ ಎಂದು ನನ್ನೊಬ್ಬಳಿಗೇ ಗೊತ್ತಿದ್ದದ್ದು ಒಳ್ಳೆಯದಾಯಿತು, ಮೈಕು ಹಿಡಿದೇ ಅದನ್ನು ಮತ್ತೆ ಹಾಕಿದೆ.

ಅವ್ವ ನನಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ. ಸಂಕವ್ವ ಗಾಡಿಗಳ ಹಿಂದೆ ನಡೆದು ಬಂದವಳು, ಏಳೂ ಮನೆಗಳಿಗೆ ರೊಟ್ಟಿ ಬಡಿಯುವ ಹೆಂಗಸು. ದಾರಿಯಲ್ಲಿ ಅವಳಿಗೆ ಸಿಡುಬು ಎದ್ದಿತು. ಅಂಟೀತೆಂದು ಹೆದರಿ ಏಳು ಮನೆಯವರೂ ಕೂಡಿ ಅವಳನ್ನು ಈ ಹಳ್ಳದ ದಂಡೆಯ ಜಾಲಿ ಮರದ ಕೆಳಗೆ ಮಲಗಿಸಿ, ಅರ್ಧ ರೊಟ್ಟಿ ಇಟ್ಟು ಮುಂದೆ ಹೋದರು. ಅವಳು ಸಾಯಲಿಲ್ಲ. ಹಳ್ಳದ ಉಸುಕನ್ನು ಕೈಯಿಂದ ತೋಡಿ ಒರತೆ ಮಾಡಿಕೊಂಡು ಬದುಕಿದಳು. ಮುಂದೆ ಹೋದವರಿಗೆ ಎಲ್ಲೂ ನೀರು ಸಿಗಲಿಲ್ಲ. ನಾಲಗೆ ಒಣಗಿ, ಎತ್ತುಗಳು ಬೀಳತೊಡಗಿದ ಮೇಲೆ ತಿರುಗಿ ಬಂದರು. ಮೊಲವೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಒರತೆಯ ಬಾಯಿಗೆ ಅಡ್ಡ ಒಬ್ಬಳು ಹೆಂಗಸು ಕೂತಿದ್ದಳು. ಎತ್ತುಗಳನ್ನೂ ಮಕ್ಕಳನ್ನೂ ಬಿಟ್ಟಳು. ದೊಡ್ಡವರನ್ನು ತಡೆದಳು.

ಅವಳು ಆಡಿದ ಮಾತನ್ನು ಮಾತ್ರ ನಾನು ಅವ್ವನ ಧ್ವನಿಯಲ್ಲೇ ಹೇಳಿದೆ. “ಏನು ಮಾಡಿದ್ರಿ ಅನ್ನೋದನ್ನ ಬಾಯಿಬಿಟ್ಟು ಹೇಳ್ರಿ, ಆಮ್ಯಾಲೆ ಕುಡೀರಿ.”

ಒಬ್ಬೊಬ್ಬರೇ ಹೇಳಿ ಕುಡಿದರು. ಗುರುಬಸಪ್ಪ ಒಬ್ಬ ಹೇಳಲಾರದೆ ಸಂಜೆಯವರೆಗೆ ದೂರ ಕೂತಿದ್ದ. ಕೊನೆಗೆ ರುಮಾಲು ತೆಗೆದು ನೆಲದ ಮೇಲಿಟ್ಟು, ರೊಟ್ಟಿಯಲ್ಲಿ ಅರ್ಧ ಮುರಿದು ವಾಪಸು ತೆಗೆದುಕೊಂಡವನು ನಾನೇ ಎಂದು ಹೇಳಿ ಅತ್ತ, ಕುಡಿದ. ನೀರು ಅಲ್ಲಿದ್ದುದರಿಂದ ಊರು ಅಲ್ಲೇ ಆಯಿತು.

ನಾನು ಹೇಳುತ್ತಿದ್ದ ಹಾಗೆ ಸಂಕವ್ವನ ಕಲ್ಲು ಮೇಲೆದ್ದಿತು. ಮೊದಲಿನಷ್ಟಕ್ಕೂ ನಿಲ್ಲದೆ ನನ್ನ ಭುಜದವರೆಗೆ ಬಂತು. ಎಲ್ಲರೂ ಅದನ್ನೇ ನೋಡುತ್ತಿದ್ದಾಗ ಬೇಲಿಯ ಒಳಗಿನಿಂದ ಮಣ್ಣು ಬಿರಿದ ಸದ್ದಾಯಿತು. ಏಳೂ ಮೂಲಪುರುಷರ ಕಲ್ಲುಗಳು ಕೆಸುವಿನ ಗಡ್ಡೆ ಕಿತ್ತಂತೆ ಮಣ್ಣು ಮೆತ್ತಿಕೊಂಡು ಎದ್ದವು. ಪೆಂಡಾಲು ಖಾಲಿಯಾಯಿತು. ಗುರುಬಸಪ್ಪನವರ ಕಲ್ಲಿನ ಮಣ್ಣನ್ನು ಮೇಡಂ ತಮ್ಮ ಕರ್ಚೀಫಿನಿಂದಲೇ ಒರೆಸಿದರು. ಅಮೃತ ಮಹೋತ್ಸವಕ್ಕೂ ಮುಂಚೆಯೇ ಹೂತುಹೋಗಿದ್ದ, ಈಗ ಬದುಕಿರುವವರು ಯಾರೂ ಕಾಣದ ಕೆಳಗಿನ ಸಾಲು ಹೊರಗೆ ಬಂದಿತ್ತು. ‘ಗುರುಬಸಪ್ಪ, ಸಂಕವ್ವನ ನೀರು ಕುಡಿದವ’ ಎಂದಿತ್ತು. ಸಾಯುವ ಮೊದಲು ತಾನೇ ನಿಂತು ಕೆತ್ತಿಸಿದ್ದಂತೆ ಕಾಣುತ್ತದೆ. ಜನ ಮುಗಿಬಿದ್ದು ಬಗ್ಗಿ ಓದಿದರು. ವಿರೂಪಾಕ್ಷಪ್ಪ ಒಬ್ಬರೇ ಬಗ್ಗಲಿಲ್ಲ. ಅವಮಾನಕ್ಕೆ ಹಾಗೆ ನಿಂತಿದ್ದಾರೆಂದು ನಾನು ತಿಳಿದೆ.

ಬೈಪಾಸ್ ರಸ್ತೆ ಎರಡು ಹೊಲದಾಚೆ ಸರಿಯಿತು. ಇಲಾಖೆಯ ನೀಲಿ ಬೋರ್ಡು ಬಂತು. ಹೊರಗಿನಿಂದ ಜನ ಬಂದು ಸಂಕವ್ವನ ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳತೊಡಗಿದರು. ಇಷ್ಟಕ್ಕೆ ಊರು ತೆಪ್ಪಗಿರಬಹುದಿತ್ತು. ಆದರೆ ಹಿರಿಯರ ತಪ್ಪು ಹೇಳಿದರೆ ಕಲ್ಲು ಏಳುತ್ತದೆ, ಕಲ್ಲು ಎದ್ದರೆ ಬೋರ್ಡು ಬರುತ್ತದೆ ಎಂದು ನಮ್ಮವರಿಗೆ ಅರ್ಥವಾಗಿಬಿಟ್ಟಿತು. ಮನೆತನಗಳ ನಡುವೆ ಪೈಪೋಟಿ ಶುರುವಾಯಿತು. ಅರ್ಧ ರೊಟ್ಟಿ ಕಸಿದುಕೊಂಡದ್ದು ಏನು ಮಹಾ, ನಮ್ಮಜ್ಜ ಅವಳ ಕಂಬಳಿಯನ್ನೇ ಎಳೆದುಕೊಂಡ ಎಂದ ಒಬ್ಬ. ನಮ್ಮವನು ಕಲ್ಲು ಹೊಡೆದಿದ್ದ ಎಂದ ಇನ್ನೊಬ್ಬ. ಸಂಗನಬಸಣ್ಣನ ಮಕ್ಕಳು ಕೂಡ ಅಪ್ಪನನ್ನು ದರೋಡೆಕೋರನ ಮಟ್ಟಕ್ಕೆ ಒಯ್ದರು. ಈ ಪಾಪಗಳನ್ನೆಲ್ಲ ಆ ಹಿರಿಯರು ಮಾಡಿರಲಿಲ್ಲವಾದ್ದರಿಂದ ಎದ್ದ ಕಲ್ಲುಗಳು ಒಂದೊಂದೇ ಮತ್ತೆ ಇಳಿಯತೊಡಗಿದವು. ಜನ ಕಕ್ಕಾಬಿಕ್ಕಿಯಾಗಿ, ಹೊಗಳಿದರೂ ಇಳಿಯುತ್ತದೆ, ತೆಗಳಿದರೂ ಇಳಿಯುತ್ತದೆ, ಇದೆಂಥ ನ್ಯಾಯ ಎಂದು ನನ್ನ ಅಂಗಡಿಗೇ ಬಂದು ಕೇಳಿದರು. ಚಹಾ ಅಂಗಡಿಗೆ ಹೋಗಿ ಎಂದೆ. ಈಗ ಅಲ್ಲಿ ಪಾಪ ಹೇಳುವವರಿಗೆ ಬೇರೆ ಬೆಂಚು ಹಾಕಿದ್ದಾರೆ.

ಗುರುಬಸಪ್ಪನವರ ಕಲ್ಲು ಮಾತ್ರ ಎದ್ದಷ್ಟೇ ನಿಂತಿತ್ತು. ವಿರೂಪಾಕ್ಷಪ್ಪ ಅವತ್ತಿನಿಂದ ಊರೊಳಗೂ ಹಳ್ಳದಾಚೆಯೂ ಬಾಯಿ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ನಾನು ಸಂಕವ್ವನ ಕಲ್ಲಿಗೆ ಒರಗಿ ಕೂತು ವೈರಿನ ಗಂಟು ಬಿಡಿಸುತ್ತಿದ್ದಾಗ ಒಬ್ಬರೇ ಬಂದರು. ಟವೆಲ್ ಹಾಸದೆ ನೆಲದ ಮೇಲೇ ಕೂತರು.

“ಲೀಲವ್ವ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಆಕಿ ನಮ್ಮನ್ನ ಕ್ಷಮಾ ಮಾಡಿದ್ಳು ಅಂತ ಒಂದು ಸಲ ಹೇಳವ್ವ. ನಾ ಹೇಳಾಕ ನನಗ ಅಂಜಿಕಿ ಆಗತೈತಿ.”

ನನಗೆ ಅವರ ಮೇಲೆ ಅಷ್ಟು ದಿನ ಇದ್ದ ಸಿಟ್ಟು ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಪಂಚೆಯ ಇಸ್ತ್ರಿ ಕೆಟ್ಟಿತ್ತು. ಕೇಳುತ್ತಿರುವುದು ಒಂದು ಮಾತು, ಹೇಳಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ. ನಿಜವಾಗಿಯೂ ಕ್ಷಮಿಸಿರಲೂಬಹುದು, ಅವ್ವ ಆ ಬಗ್ಗೆ ಏನೂ ಹೇಳಿರಲಿಲ್ಲ. ನನಗೂ ಕ್ಷಮಿಸಿದ ಮುತ್ತಜ್ಜಿಯೊಬ್ಬಳು ಬೇಕು ಅನ್ನಿಸಿತ್ತು.

“ಕ್ಷಮಾ ಮಾಡಿದ್ಳ್ರೀ ಯಜಮಾನ್ರ,” ಎಂದೆ.

ನನ್ನ ಬೆನ್ನ ಹಿಂದೆ ಕಲ್ಲು ಜಾರಿತು. ಒರಗಿದ್ದ ನಾನು ಬೆಚ್ಚಿ ನೆಲಕ್ಕೆ ಕೈಯೂರಿದೆ. ಇಬ್ಬರೂ ತಿರುಗಿ ನೋಡಿದೆವು. ಒಂದು ಗೇಣು ಪೂರ್ತಿ ಇಳಿದಿತ್ತು.

ನನಗೆ ನಾಚಿಕೆಯಾಯಿತು, ಮತ್ತು ಯಾಕೋ ಅವಳ ಬಗ್ಗೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂತು. ಕಲ್ಲಿಗೆ ಹಣೆ ಮುಟ್ಟಿಸಿ ಅದಕ್ಕೇ ಹೇಳುವ ಹಾಗೆ ಹೇಳಿದೆ, “ಮಾಡ್ಲಿಲ್ಲ. ನೀರು ಕೊಟ್ಳು, ಅಷ್ಟ.”

ಕಲ್ಲು ಇಳಿದಷ್ಟೂ ಎದ್ದು ಬಂತು. ವಿರೂಪಾಕ್ಷಪ್ಪ ಅದು ನಿಲ್ಲುವವರೆಗೆ ನೋಡಿ, ಮೊಣಕಾಲು ಹಿಡಿದು ಎದ್ದು ಕೈಪಂಪಿನ ಹತ್ತಿರ ಹೋದರು. ಒರತೆ ಇದ್ದದ್ದು ಅಲ್ಲೇ. ಬಿಸಿಲಿಗೆ ಬಾಯಿ ಒಣಗಿತ್ತೋ ಏನೋ, ಬೊಗಸೆ ಒಡ್ಡಿ ಬಗ್ಗಿದರು. ಅವರಿಗೆ ಕೈಲಾಗದೆಂದು ನಾನು ಎದ್ದು ಹೋಗಿ ಹಿಡಿಕೆ ಹಿಡಿದೆ. ಹಿಡಿದವಳು ಒತ್ತಲಿಲ್ಲ. ಯಾಕೆ ಒತ್ತಲಿಲ್ಲ ಎಂದು ನನಗೂ ತಕ್ಷಣ ತಿಳಿಯಲಿಲ್ಲ. ಅವರು ತಲೆ ಎತ್ತಿ ನನ್ನನ್ನು ನೋಡಿದರು, ಅವರಿಗೆ ತಿಳಿಯಿತು. ಬೊಗಸೆ ಹಾಗೆಯೇ ಇತ್ತು.

“ನನಗ ಗೊತ್ತಿತ್ತು,” ಎಂದರು. “ನಮ್ಮಜ್ಜ ನನಗ ಎಲ್ಲಾ ಹೇಳಿದ್ದ. ಒರತಿ, ರೊಟ್ಟಿ, ಆ ಕಲ್ಲಿನ ಕೆಳಗಿನ ಸಾಲು. ಗೊತ್ತಿದ್ದೂ ಇಷ್ಟು ವರ್ಷ ಕೈ ಇತ್ತು, ಕಾಲಿತ್ತು ಅಂತ ಹೇಳಕೋತ ಕುಂತೆ.”

ನಾನು ಪಂಪು ಒತ್ತಿದೆ.